ಮೇಜಿನಾಚೆ ಕುಳಿತವರು ನಮ್ಮೂರಿನವರಾದರೆ

ಪ್ರಶ್ನೆ: ನಾನು ಸೋಮವಾರಪೇಟೆ ಕಡೆಯವನು. ಪಣಜಿಯ ಮಾಂಡೋವಿ ನದಿಯಲ್ಲಿರುವ ಕ್ಯಾಸಿನೊ ಹಡಗೊಂದರಲ್ಲಿ ಡೀಲರ್, ಅಂದರೆ ಜೂಜಿನ ಮೇಜಿನಲ್ಲಿ ಇಸ್ಪೀಟೆಲೆ ಹಂಚುವವನು, ಆಗಿದ್ದೇನೆ. ಜೂಜಿನ ಚಟಕ್ಕೆ ಬಿದ್ದವರನ್ನು ಗುರುತಿಸುವ ತರಬೇತಿ ನಮಗೆ ಆಗಿದೆ. ಆದರೆ ಹಿರಿಯ ಸಹೋದ್ಯೋಗಿಗಳು ‘ಅದೆಲ್ಲ ತೋರಿಕೆಗೆ, ಆಡುವುದು ಬಿಡುವುದು ಅವರಿಷ್ಟ’ ಎನ್ನುತ್ತಾರೆ. ಈಗ ನಮ್ಮೂರಿನ ಕಾಫಿ ಬೆಳೆಗಾರರೊಬ್ಬರು, ನಾನು ಚಿಕ್ಕಂದಿನಿಂದ ಅಣ್ಣ ಎಂದೇ ಕರೆಯುವವರು, ಪದೇ ಪದೇ ಬಂದು ನನ್ನ ಮೇಜಿನಲ್ಲೇ ಸೋಲುತ್ತಿದ್ದಾರೆ. ಅತ್ತಿಗೆಗೆ ತಿಳಿಸಲೇ, ಸುಮ್ಮನಿರಲೇ? ಅವರು ಕೊಡುವ ಟಿಪ್ಸ್ ಮುಟ್ಟಲೂ ಮನಸ್ಸಾಗುವುದಿಲ್ಲ.

ಉತ್ತರ: ಟಿಪ್ಸ್ ಮುಟ್ಟಲು ನಿಮಗೆ ಮನಸ್ಸಾಗದಿರುವುದು ಸಹಜ, ಅದಕ್ಕಾಗಿ ನಾಚಿಕೊಳ್ಳಬೇಡಿ. ಕೊಯ್ಲು ಮುಗಿದಾಗ ಒಮ್ಮೆಲೇ ಕೈಗೆ ಬರುವ ಹಣದಲ್ಲಿ ಬೆಳೆಗಾರನೊಬ್ಬ ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು), ಗೊಬ್ಬರ, ಆಳುಗಳ ಕೂಲಿ ಎಲ್ಲವನ್ನೂ ಮುಂದಿನ ಬೆಳೆಯವರೆಗೆ ತೂಗಿಸಬೇಕು ಎಂಬುದನ್ನು ನಿಮ್ಮ ಸಹೋದ್ಯೋಗಿಗಳಿಗಿಂತ ನೀವು ಚೆನ್ನಾಗಿ ಬಲ್ಲಿರಿ.

ಆ ಸಹೋದ್ಯೋಗಿಗಳನ್ನು ಕಲ್ಲೆದೆಯವರೆಂದು ನಾನು ಹೇಳಲಾರೆ. ಆಸ್ಟ್ರೇಲಿಯಾದ ಜೂಜು ಕೇಂದ್ರಗಳ ಸಿಬ್ಬಂದಿಯ ಬಗ್ಗೆ ನಡೆದ ಅಧ್ಯಯನಗಳು ತೋರಿಸುವುದು ಇದನ್ನೇ: ಚಟದ ಲಕ್ಷಣಗಳು ಸಿಬ್ಬಂದಿಯ ಕಣ್ಣಿಗೆ ಬೀಳುತ್ತವೆ, ಆದರೆ ತಪ್ಪಾಗಿ ಗುರುತಿಸಿದರೆ ಏನು ಗತಿ, ಗ್ರಾಹಕ ರೇಗಿದರೆ ಯಾರು ಕಾಯುವರು ಎಂಬ ಅಳುಕಿನಿಂದ ಹಿಂಜರಿಯುತ್ತಾರೆ. ‘ಅವರಿಷ್ಟ’ ಎಂಬ ಮಾತಿಗೂ ಒಂದು ಹಿನ್ನೆಲೆಯಿದೆ. ಹೊಣೆಯರಿತ ಜೂಜಿನ ಚೌಕಟ್ಟಾಗಿ 2004ರಲ್ಲಿ ಸಂಶೋಧಕರು ಮುಂದಿಟ್ಟ ‘ರೆನೊ ಮಾದರಿ’ ಜೂಜಾಡುವ ಅಂತಿಮ ನಿರ್ಧಾರ ವ್ಯಕ್ತಿಯದೇ ಎನ್ನುತ್ತದೆ. ಆದರೆ ಆ ನಿರ್ಧಾರಕ್ಕೆ ಬೇಕಾದ ತಿಳಿವಳಿಕೆ ಅವನಿಗೆ ಸಿಕ್ಕಿರಬೇಕು ಎಂದೂ ಅದೇ ಮಾದರಿ ಹೇಳುತ್ತದೆ, ಆ ಅರ್ಧವನ್ನು ಸಿಬ್ಬಂದಿಯ ಕೋಣೆಯಲ್ಲಿ ಯಾರೂ ನೆನೆಯುವುದಿಲ್ಲ. ಮೇಲಾಗಿ 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಜೂಜಿನ ಗೀಳನ್ನು ಮದ್ಯ, ಮಾದಕವಸ್ತುಗಳ ವ್ಯಸನದ ಸಾಲಿಗೇ ಸೇರಿಸಿತು. ಕಳೆದುಕೊಂಡದ್ದನ್ನು ಮರಳಿ ಪಡೆಯಲೆಂದೇ ಮತ್ತೆ ಮತ್ತೆ ಬರುವವನಲ್ಲಿ ‘ಇಷ್ಟ’ವೆಂಬುದು ಎಷ್ಟು ಉಳಿದಿರುತ್ತದೆ?

ಹಾಗಾಗಿ ತರಬೇತಿಯನ್ನು ತೋರಿಕೆಯೆಂದು ಕೈಬಿಡಬೇಡಿ, ಅದನ್ನು ಬಳಸಿ. ಪರಿಚಿತರು ಆಡುವ ಮೇಜಿನಿಂದ ನಿಮ್ಮನ್ನು ಬದಲಾಯಿಸುವಂತೆ ಮೇಲ್ವಿಚಾರಕರನ್ನು ಕೇಳಿ. ವಿರಾಮವಿಲ್ಲದೆ ಆಡುವುದು, ಪಕ್ಕದವರಲ್ಲಿ ಸಾಲ ಕೇಳುವುದು ಮುಂತಾಗಿ ನೀವು ಕಂಡದ್ದನ್ನು ಊಹೆ ಬೆರೆಸದೆ ಬರೆದುಕೊಡಿ. ಆಟಗಾರ ತಾನಾಗಿಯೇ ತನ್ನ ಪ್ರವೇಶವನ್ನು ತಡೆಸಿಕೊಳ್ಳುವ ಅವಕಾಶ ನಿಮ್ಮಲ್ಲಿದೆಯೇ ಎಂದು ವಿಚಾರಿಸಿ. ಸಿಂಗಪುರದಲ್ಲಿ ಮನೆಯವರೇ ಅರ್ಜಿ ಕೊಟ್ಟು ಇಂಥ ನಿಷೇಧ ಹಾಕಿಸಬಹುದು. ಆಟಗಾರನನ್ನು ತಡೆಯುವ ಹೊಣೆಯನ್ನೆಲ್ಲ ಎಲೆ ಹಂಚುವವನ ತಲೆಗೆ ಕಟ್ಟಿ ಆಡಳಿತ ಪಾರಾಗುವುದು ಅನ್ಯಾಯ, ಅದನ್ನು ನೀವೊಬ್ಬರೇ ಹೊರಬೇಕಿಲ್ಲ.

ಅತ್ತಿಗೆಗೆ ಮೊದಲು ಹೇಳಬೇಡಿ. ಮೇಜಿನಲ್ಲಿ ಕಂಡ ಲೆಕ್ಕ ಕೆಲಸದ ಗುಟ್ಟು, ಅದು ಊರಿನ ಬಾಯಿಗೆ ಬಿದ್ದರೆ ನಿಮ್ಮ ನೌಕರಿಯೂ ಅಣ್ಣನ ಮಾನವೂ ಹೋದೀತು. ರಜೆಗೆ ಊರಿಗೆ ಬಂದಾಗ ಅವರ ತೋಟಕ್ಕೇ ಹೋಗಿ, ಬೇರೆ ಯಾರೂ ಇಲ್ಲದಾಗ ಮಾತನಾಡಿ. ‘ಅಣ್ಣಾ, ನಿಮ್ಮನ್ನು ಅಲ್ಲಿ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಅತ್ತಿಗೆಗೆ ನೀವೇ ಹೇಳಿ, ಬೇಕಾದರೆ ನಾನು ಜೊತೆಗಿರುತ್ತೇನೆ’ ಎಂದರೆ ಸಾಕು. ಸೋತ ಮೊತ್ತವನ್ನು ಎತ್ತಿ ಆಡಬೇಡಿ, ಬುದ್ಧಿ ಹೇಳಲೂ ಹೋಗಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದೆಂದು ತಿಳಿಸಿ. ಅವರು ಸಿಟ್ಟಾಗಬಹುದು, ಕೆಲಕಾಲ ಮಾತು ಬಿಡಲೂಬಹುದು.

ಒಂದು ಸಂದರ್ಭದಲ್ಲಿ ಮಾತ್ರ ಈ ಗುಟ್ಟಿಗೆ ಬೆಲೆಯಿಲ್ಲ. ಬದುಕೇ ಬೇಡವೆಂಬ ಧಾಟಿಯ ಮಾತು ಅವರ ಬಾಯಿಂದ ಬಂದರೆ, ಅದು ಮೇಜಿನ ಬಳಿಯೇ ಆಗಲಿ ತೋಟದಲ್ಲೇ ಆಗಲಿ, ಅವರನ್ನು ಒಂಟಿಯಾಗಿ ಬಿಡದೆ ಆ ಕ್ಷಣವೇ ಮನೆಯವರಿಗೆ ಕರೆ ಮಾಡಿ.