ಸೇಂಟ್ ಹೆಲೆನಾ ದ್ವೀಪದವರು ಬ್ರಿಟನ್‌ಗೆ ಹೋಗಿ ಕೆಲಸ ಮಾಡಬಹುದಾ?

ಈಗ ಮಾಡಬಹುದು, ವೀಸಾ ಬೇಕಿಲ್ಲ. ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿರುವ ಈ ದ್ವೀಪ ಬ್ರಿಟನ್ ಆಳ್ವಿಕೆಯದ್ದೇ. ಆದರೆ ಸುಮಾರು 19 ವರ್ಷ ಆ ಹಕ್ಕು ಅವರಿಗೆ ಇರಲಿಲ್ಲ.

1981ರ ಬ್ರಿಟಿಷ್ ರಾಷ್ಟ್ರೀಯತಾ ಕಾಯ್ದೆ 1983ರ ಜನವರಿ 1ರಿಂದ ಜಾರಿಗೆ ಬಂತು. ವಸಾಹತುಗಳ ಜನರನ್ನು ಅದು ಬೇರೆ ದರ್ಜೆಯ ಪ್ರಜೆಗಳನ್ನಾಗಿ ಮಾಡಿತು. ಪಾಸ್‌ಪೋರ್ಟ್ ಬ್ರಿಟಿಷರದ್ದೇ, ಆದರೆ ಬ್ರಿಟನ್‌ನಲ್ಲಿ ನೆಲೆಸುವ ಹಕ್ಕು ಮಾತ್ರ ಇಲ್ಲ. ಆಗ ದೊಡ್ಡ ವಸಾಹತು ಅಂದರೆ ಹಾಂಗ್‌ಕಾಂಗ್. ಅಲ್ಲಿಂದ ಜನ ಬರುತ್ತಾರೆ ಅನ್ನೋ ಭಯಕ್ಕೆ ಕೆಲವೇ ಸಾವಿರ ಜನರ ಸೇಂಟ್ ಹೆಲೆನಾ ಕೂಡ ಬಲಿಯಾಯಿತು. ಇನ್ನೊಂದು ಬ್ರಿಟಿಷ್ ವಸಾಹತಾದ ಫಾಕ್‌ಲ್ಯಾಂಡ್ ದ್ವೀಪದವರಿಗೆ, ಅರ್ಜೆಂಟೀನಾ ಜೊತೆ ಅಲ್ಲಿ ನಡೆದ 1982ರ ಯುದ್ಧ ಮುಗಿದ ಮೇಲೆ, 1983ರಲ್ಲೇ ಪೂರ್ಣ ಪೌರತ್ವ ಕೊಟ್ಟರು. ಸೇಂಟ್ ಹೆಲೆನಾದವರು 2002ರ ಮೇ 21ರವರೆಗೆ ಕಾಯಬೇಕಾಯಿತು. ಇದು ಅನ್ಯಾಯ ಅಲ್ವಾ? 1673ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್ ಕೊಟ್ಟ ಸನ್ನದಿನಲ್ಲೇ, ಇಂಗ್ಲೆಂಡಿನಲ್ಲಿ ಹುಟ್ಟಿದವರಿಗಿರುವ ಹಕ್ಕು ಇವರಿಗೂ ಇದೆ ಅಂತ ಬರೆದಿತ್ತು. ಹೋರಾಟಗಾರರು ಕೊನೆವರೆಗೂ ಅದನ್ನೇ ಮುಂದಿಟ್ಟರು.

ಊರಲ್ಲಿ ಸಂಬಳ ಕಡಿಮೆ. ಹಾಗಾಗಿ ತುಂಬಾ ಜನ ಗುತ್ತಿಗೆ ಕೆಲಸಕ್ಕೆ ಸುಮಾರು 1,300 ಕಿ.ಮೀ. ದೂರದ ಇನ್ನೊಂದು ಬ್ರಿಟಿಷ್ ದ್ವೀಪ ಅಸೆನ್ಷನ್‌ಗೆ ಹೋಗುತ್ತಾರೆ. ಅಲ್ಲಿನ ನಿಯಮ ಇನ್ನೂ ಬಿಗಿ. ಯಾರಿಗೂ ನೆಲೆಸುವ ಹಕ್ಕಿಲ್ಲ. ಕೆಲಸದ ಒಪ್ಪಂದ ಮುಗಿದರೆ ಹೊರಡಬೇಕು. ಅಲ್ಲೇ ಬೆಳೆದ ಮಕ್ಕಳೂ 18 ತುಂಬಿದ ಮೇಲೆ ಉಳಿಯಬೇಕಾದರೆ ಸ್ವಂತ ಕೆಲಸ ಹಿಡಿಯಬೇಕು. ಪೂರ್ಣ ಪೌರತ್ವ ಕೊಟ್ಟ 2002ರ ಕಾನೂನು ಇದನ್ನು ಬದಲಿಸಲಿಲ್ಲ.