ಊರ ಪತ್ರಿಕೆಯೂ ಯುದ್ಧದ ವರದಿಯೇ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರ ಕಾಗದ ಅಚ್ಚುಹಾಕಿದ, ಯುದ್ಧಸಾಮಗ್ರಿಗೆಂದು ಹಳೆ ಲೋಹ ಕೂಡಿಸಿದ ಅಮೆರಿಕದ ಸಣ್ಣ ಊರುಗಳ ಸಂಪಾದಕರದೂ ಪತ್ರಿಕೋದ್ಯಮವೇ ಎಂದು ನಾವು ಬರೆದದ್ದು, ಓದುಗರಾದ ನಿಮಗೆ ಅತಿಯೆನಿಸಿದೆ. ‘ಸೈನಿಕರ ಕಾಗದ ಅಚ್ಚುಹಾಕುವುದು, ಗುಜರಿ ಕೂಡಿಸುವುದು ಸಮಾಜಸೇವೆ, ಪತ್ರಿಕೋದ್ಯಮ ಇದ್ದದ್ದು ರಣರಂಗದಲ್ಲಿ, ಎರ್ನಿ ಪೈಲ್ ಅಂಥವರಲ್ಲಿ’ ಎಂದಿದ್ದೀರಿ.

ರಣರಂಗದಿಂದ ಅಂಕಣ ಬರೆದ ಅಮೆರಿಕದ ವರದಿಗಾರ ಪೈಲ್ ದೊಡ್ಡವರು, ಒಪ್ಪಿದೆ. 1945ರ ಏಪ್ರಿಲ್ 18ರಂದು ಜಪಾನಿನ ಇಯೆ ಶಿಮಾ ದ್ವೀಪದಲ್ಲಿ ಗುಂಡಿಗೆ ಬಲಿಯಾದವರು. ಆದರೆ ಅವರ ಅಂಕಣದಲ್ಲಿ ಸೈನಿಕನ ಹೆಸರಿನ ಜತೆಗೆ ಅವನ ಊರು, ಎಷ್ಟೋ ಸಲ ಮನೆಯ ಬೀದಿಯೂ ಇರುವುದನ್ನು ನೀವು ಗಮನಿಸಿಲ್ಲ. ಹೆಸರನ್ನೂ ಊರನ್ನೂ ತಪ್ಪಿಲ್ಲದೆ ಹಾಕುವುದು ಊರ ಪತ್ರಿಕೆಯ ಮೊದಲ ಪಾಠ. ಹಿಂದಿನ ಯುದ್ಧದಲ್ಲಿ, ಅಂದರೆ ಮೊದಲ ಮಹಾಯುದ್ಧದಲ್ಲಿ, ಕ್ಯಾನ್ಸಸ್‌ನ ‘ಎಂಪೋರಿಯಾ ಗೆಜೆಟ್’ ಸಂಪಾದಕ ವಿಲಿಯಂ ಅಲೆನ್ ವೈಟ್ 1917ರಲ್ಲಿ ರೆಡ್ ಕ್ರಾಸ್ ಪರವಾಗಿ ಯುರೋಪಿಗೆ ಹೋದರು, ಕಂಡದ್ದನ್ನು ಬರೆದರು. ಇದರಲ್ಲಿ ಸೇವೆ ಯಾವುದು, ವರದಿ ಯಾವುದು?

ಕಾಗದ ಅಚ್ಚುಹಾಕುವುದು ಸುಲಭವೆಂದು ಬಗೆಯಬೇಡಿ. 1942ರ ಜೂನ್‌ನಿಂದ ಸೈನಿಕರ ಟಪಾಲಿಗೆ ವಿ-ಮೇಲ್ ಎಂಬ ವ್ಯವಸ್ಥೆ ಬಂತು: ಒಂದೇ ಹಾಳೆ, ಅದನ್ನು 16 ಮಿಲಿಮೀಟರ್ ಫಿಲ್ಮಿಗೆ ಇಳಿಸಿ, ಸಾಗಿಸಿ, ಮತ್ತೆ ಕಿರಿದಾಗಿ ಅಚ್ಚು ತೆಗೆಯುತ್ತಿದ್ದರು. 37 ಚೀಲ ಟಪಾಲು ಒಂದು ಚೀಲಕ್ಕೆ ಇಳಿಯುತ್ತಿತ್ತು. ತೆಳು ಪೆನ್ಸಿಲಿನ, ಸಣ್ಣಕ್ಷರದ ಬರಹ ಓದಲಾಗದೆ ಹೋಗುತ್ತಿತ್ತು. ಒಳಗೆ ಏನನ್ನೂ ಇಡುವಂತಿರಲಿಲ್ಲ. ಹಾಗಾಗಿ ಪತ್ರಿಕೆಯ ತುಣುಕು ಕಳಿಸಬೇಕಾದರೆ ಸಾಮಾನ್ಯ ಟಪಾಲೇ ಗತಿ, ಅದು ಹಡಗಿನಲ್ಲಿ ನಿಧಾನವಾಗಿ ಹೋಗುತ್ತಿತ್ತು. ಕತ್ತರಿ ಆಡಿಸುವುದು ಇನ್ನೂ ಕಷ್ಟ. ಸೇನೆಯ ಸೆನ್ಸಾರ್ ದಾಟಿದ ಕಾಗದ ತಾಯಿ ಓದಲು ಸರಿ, ಅಚ್ಚಿಗೆ ಸರಿಯೆಂದಲ್ಲ. ಒಬ್ಬ ತುಕಡಿಯ ಹೆಸರು ಬರೆದಿರುತ್ತಾನೆ, ಅದೇ ತುಕಡಿಯ ಇನ್ನೊಬ್ಬ ಸಮುದ್ರತೀರದ ಗಿಡಮರ ವರ್ಣಿಸಿರುತ್ತಾನೆ. ಎರಡನ್ನೂ ಒಂದೇ ಪುಟದಲ್ಲಿ ಹಾಕಿದರೆ ಸೇನೆ ಎಲ್ಲಿದೆಯೆಂದು ಸಾರಿದಂತೆ. 1942ರ ಜನವರಿಯಲ್ಲಿ ಬೈರನ್ ಪ್ರೈಸ್ ಮುಖ್ಯಸ್ಥರಾಗಿದ್ದ ಅಮೆರಿಕ ಸರ್ಕಾರದ ಸೆನ್ಸಾರ್ ಕಚೇರಿ ಪತ್ರಿಕೆಗಳಿಗೆಂದು ಹೊರಡಿಸಿದ ಸಂಹಿತೆ ಸೇನೆಯ ನೆಲೆ, ಹಡಗಿನ ಓಡಾಟ, ಹವಾಮಾನ ಮುನ್ಸೂಚನೆಗಳನ್ನು ಪ್ರಕಟಿಸದಂತೆ ಕೇಳಿತ್ತು. ಅದು ಸ್ವಯಂಪಾಲನೆಯ ನಿಯಮ. ಹುಡುಗನ ದನಿ ಉಳಿಯಬೇಕು, ಸುಳಿವು ಅಳಿಯಬೇಕು: ಸಂಪಾದನೆಯೆಂದರೆ ಇದೇ ಅಲ್ಲವೇ?

ಗುಜರಿಯ ಮಾತು. 1942ರ ಬೇಸಿಗೆಯಲ್ಲಿ ‘ಒಮಾಹಾ ವರ್ಲ್ಡ್-ಹೆರಾಲ್ಡ್’ ನೆಬ್ರಾಸ್ಕಾ ರಾಜ್ಯದ ಕೌಂಟಿಗಳನ್ನು (ನಮ್ಮ ಜಿಲ್ಲೆಗಳಂಥವು) ಪೈಪೋಟಿಗೆ ಹಚ್ಚಿ ಲೋಹ ಕೂಡಿಸಿತು. ಅದಕ್ಕೇ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿಯಾದ ಪುಲಿಟ್ಜರ್ 1943ರಲ್ಲಿ ಬಂತು. ಒಮಾಹಾ ಸಣ್ಣ ಊರಲ್ಲ, ಆದರೆ ನೀವು ಹಗುರವಾಗಿ ಕಂಡ ಕೆಲಸ ಇದೇ.

ನನ್ನ ನಿಜವಾದ ಸಂಕಟ ಬೇರೆ. ಪುಟಗಳನ್ನು ಕಿರಿದಾಗಿ ಮೈಕ್ರೋಫಿಲ್ಮಿಗೆ ಇಳಿಸಿಯಾಯಿತೆಂದು ಎಷ್ಟೋ ಗ್ರಂಥಾಲಯಗಳು ಇಂಥ ಪತ್ರಿಕೆಗಳ ಮೂಲ ಸಂಪುಟಗಳನ್ನು ವಿಲೇವಾರಿ ಮಾಡಿದವು. ಫಿಲ್ಮು ಮಸುಕಾಗಿದ್ದರೆ, ಪುಟ ತಪ್ಪಿದ್ದರೆ ತಾಳೆ ನೋಡಲು ಮೂಲವೇ ಇಲ್ಲ. ಪೈಲ್ ಬರಹ ಪುಸ್ತಕವಾಗಿ ಸಿಗುತ್ತದೆ. ಊರ ಹುಡುಗರ ಎಷ್ಟೋ ಕಾಗದಗಳು ಆ ಪುಟಗಳಲ್ಲಿ ಮಾತ್ರ ಇದ್ದವು.