ಐಸಿಸಿ ಸದಸ್ಯನಲ್ಲದ ಸಿರಿಯಾದ ಅಧಿಕಾರಿಗೆ ಜರ್ಮನಿಯಲ್ಲಿ ಶಿಕ್ಷೆಯಾದದ್ದು ಹೇಗೆ?

ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ (ಐಸಿಸಿ) ಬಾಗಿಲು ಮೊದಲೇ ಮುಚ್ಚಿತ್ತು. ಸಿರಿಯಾ ಸದಸ್ಯ ದೇಶವಲ್ಲದ್ದರಿಂದ ಪ್ರಕರಣವನ್ನು ಭದ್ರತಾ ಮಂಡಳಿಯೇ ಒಪ್ಪಿಸಬೇಕಿತ್ತು. 2014ರ ಮೇ 22ರಂದು 15ರಲ್ಲಿ 13 ದೇಶಗಳು ಒಪ್ಪಿದರೂ ರಷ್ಯಾ ಮತ್ತು ಚೀನಾ ವೀಟೊ ಚಲಾಯಿಸಿದವು.

ಉಳಿದ ದಾರಿ ಸಾರ್ವತ್ರಿಕ ನ್ಯಾಯವ್ಯಾಪ್ತಿ. ಜರ್ಮನಿಯ 2002ರ ಕಾನೂನಿನಂತೆ ಮಾನವಕುಲದ ವಿರುದ್ಧದ ಅಪರಾಧ ಎಲ್ಲೇ ನಡೆದಿರಲಿ, ಯಾರೇ ಮಾಡಿರಲಿ, ಅಲ್ಲಿ ವಿಚಾರಣೆ ನಡೆಸಬಹುದು. ಡಮಾಸ್ಕಸ್‌ನ ಅಲ್-ಖತೀಬ್ ಬಂಧನಕೇಂದ್ರದಲ್ಲಿ ವಿಚಾರಣಾ ವಿಭಾಗದ ಮುಖ್ಯಸ್ಥನಾಗಿದ್ದ ಅನ್ವರ್ ರಸ್ಲಾನ್ ಜರ್ಮನಿಗೆ ಬಂದು ನೆಲೆಸಿದ್ದ. ಜರ್ಮನಿಯ ಕೊಬ್ಲೆಂಜ್ ನ್ಯಾಯಾಲಯ 2022ರ ಜನವರಿ 13ರಂದು ಮಾನವಕುಲದ ವಿರುದ್ಧದ ಅಪರಾಧಗಳಿಗಾಗಿ ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿತು.

ಸಾಕ್ಷ್ಯದ ಒಂದು ಮುಖ್ಯ ಭಾಗ, 'ಸೀಸರ್' ಎಂಬ ಗುಪ್ತನಾಮದ ಸೇನಾ ಛಾಯಾಗ್ರಾಹಕ ಕದ್ದು ಹೊರತಂದ ಸುಮಾರು 53,000 ಚಿತ್ರಗಳು. ಸತ್ತ ಬಂಧಿತರ ದೇಹದ ಮೇಲೆ ಅಥವಾ ಪಕ್ಕದ ಚೀಟಿಯಲ್ಲಿ ಬಂಧಿತನ ಸಂಖ್ಯೆ, ಬಂಧನಕೇಂದ್ರದ ಸಂಖ್ಯೆ ಬರೆದಿರುತ್ತಿತ್ತು. ಲೆಕ್ಕ ಇಡಲು ಸರ್ಕಾರವೇ ಬರೆಸಿದ ಆ ಅಂಕಿಗಳೇ ಸಾವನ್ನು ನಿರ್ದಿಷ್ಟ ಕೇಂದ್ರಕ್ಕೆ ಜೋಡಿಸಿದವು. ಆದರೂ ನನ್ನ ಮಟ್ಟಿಗೆ ಬದುಕುಳಿದವರು ನ್ಯಾಯಾಲಯದಲ್ಲಿ ನಿಂತು ಹೇಳಿದ ಮಾತಿನ ತೂಕವೇ ಹೆಚ್ಚು.

ಎಡವುವುದೂ ಅಲ್ಲೇ. ಒಬ್ಬ ಸಂತ್ರಸ್ತೆಯನ್ನು ನಾಲ್ಕಾರು ಸಂಸ್ಥೆಗಳು ಬೇರೆಬೇರೆಯಾಗಿ ಪ್ರಶ್ನಿಸಿದರೆ ಹೇಳಿಕೆಗಳಲ್ಲಿ ಸಣ್ಣ ವ್ಯತ್ಯಾಸ ಬಂದೇ ಬರುತ್ತದೆ. ಪ್ರತಿವಾದಿ ವಕೀಲರು ಅದನ್ನೇ ಹಿಡಿದು ಜಗ್ಗುತ್ತಾರೆ. ಫೋಟೊ, ಕಡತ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ದಾಖಲೆ ತಪ್ಪಿದರೂ ಅದೇ ಕಥೆ. ಇಂಥ ಸಾಕ್ಷ್ಯವನ್ನು ಒಂದೆಡೆ ಕೂಡಿಸಿಡಲೆಂದೇ ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2016ರ ಡಿಸೆಂಬರ್‌ನಲ್ಲಿ ಪ್ರತ್ಯೇಕ ವ್ಯವಸ್ಥೆ ರಚಿಸಿತು. ಸಾಮಾನ್ಯ ಸಭೆಯಲ್ಲಿ ವೀಟೊ ನಡೆಯುವುದಿಲ್ಲ.